ಅಕ್ಷರಪರೀಕ್ಷೆಯ ಸಾಧನಗಳೂ ಗ್ರಂಥಸಂಪಾದನೆಯೂ

೧

ಓಲೆಯ ಪ್ರತಿಯೊಂದನ್ನು ಶೋಧಿಸಲು ಕುಳಿತ ಸಂಪಾದಕನು ಪಠ್ಯವನ್ನು ಓದುವುದಕ್ಕೆ ಮೊದಲು ಲಿಪಿಯನ್ನು ನೋಡುತ್ತಾನೆ. ಗರಿಗಳೆಷ್ಟು, ಒಂದೊಂದು ಗರಿಗೆ ಪಂಕ್ತಿಗಳೆಷ್ಟು, ಲಿಪಿಕಾರನು ಎಕಾರ ಒಕಾರಗಳ ಹ್ರಸ್ವದೀರ್ಘಗಳನ್ನು ಬೇರ್ಪಡಿಸಿ ಬರೆಯುತ್ತಾನೆಯೋ ಇಲ್ಲವೋ, ಅನುನಾಸಿಕದ ದ್ವಿತ್ವವನ್ನು ಸೊನ್ನೆಯಿಂದ ಸೂಚಿಸಿ ‘ಕಂನಡ’ ಎಂದು ಬರೆಯುವ ರೂಢಿ ಅವನಿಗುಂಟೋ, ರೞವನ್ನು ಉಳಿಸಿಕೊಂಡಿದ್ದಾನೆಯೋ ಕುಳವಾಗಿ ತಿದ್ದಿದ್ದಾನೆಯೋ—ಇವನ್ನೆಲ್ಲ ಮೊದಲು ಪಟ್ಟಿಮಾಡಿಕೊಂಡು, ಪೀಠಿಕೆಯಲ್ಲಿ ಓದುಗರಿಗೆ ತಿಳಿಸಿ, ಅನಂತರವೇ ಪಾಠನಿರ್ಣಯಕ್ಕೆ ತೊಡಗುವುದು ನಮ್ಮಲ್ಲಿ ನೆಲೆಗೊಂಡಿರುವ ಸಂಪ್ರದಾಯ. ಲಿಪಿಕಾರನ ಕೈವಾಡವನ್ನು ಅರಿಯದವನು ಕವಿಯ ಮಾತನ್ನು ಅರಿಯಲಾರನೆಂಬುದೇ ಈ ಸಂಪ್ರದಾಯದ ತಿರುಳು.

ಈಚಿನ ಮೂರು ದಶಕಗಳಲ್ಲಿ ನಮ್ಮ ಪ್ರಾಚೀನಗ್ರಂಥಗಳು ಗಣಕಯಂತ್ರವನ್ನು ಸೇರುತ್ತ ಬಂದಿವೆ. ಶಬ್ದಸೂಚಿಗಳನ್ನೂ ಪದಪ್ರಯೋಗಕೋಶಗಳನ್ನೂ ಛಂದಸ್ಸಿನ ಎಣಿಕೆಗಳನ್ನೂ ಈಗ ಬಹುಮಟ್ಟಿಗೆ ಈ ಗಣಕಪಠ್ಯಗಳಿಂದಲೇ ಸಿದ್ಧಮಾಡುತ್ತಾರೆ. ಆದರೆ ಓಲೆಗರಿಗೆ ಕೊಡುತ್ತಿದ್ದ ವರ್ಣನೆಯನ್ನು ಈ ಹೊಸಬಗೆಯ ಪ್ರತಿಗೆ ಕೊಡುವ ರೂಢಿ ಇನ್ನೂ ಬೆಳೆದಿಲ್ಲ. ತೆರೆಯ ಮೇಲೆ ಕಾಣುವ ಅಕ್ಷರವೇ ಒಳಗಿರುವ ಅಕ್ಷರವೆಂದು ನಂಬಿ ಕೆಲಸ ನಡೆಯಿಸುತ್ತೇವೆ. ಈ ನಂಬಿಕೆ ನಿಲ್ಲತಕ್ಕದ್ದಲ್ಲವೆಂಬುದನ್ನೂ, ಗಣಕಪಠ್ಯದ ಒಂದೊಂದು ಸಂಕೇತವನ್ನೂ ಬಿಡಿಸಿ ತೋರುವ ಪರೀಕ್ಷಾಸಾಧನಗಳು ಸಂಪಾದಕನಿಗೆ ಎಷ್ಟರಮಟ್ಟಿಗೆ ನೆರವಾಗುವುವು, ಎಲ್ಲಿ ಕೈಬಿಡುವುವು ಎಂಬುದನ್ನೂ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಗಣಕಪಠ್ಯವೆಂಬುದು ವಾಸ್ತವವಾಗಿ ಸಂಖ್ಯೆಗಳ ಸಾಲು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಸಂಖ್ಯೆಗಳನ್ನು ಹಂಚಿಕೊಟ್ಟ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿ ೧೯೯೧ರಲ್ಲಿ ಹೊರಬಂದಿತು. ಭಾರತೀಯ ಲಿಪಿಗಳ ವಿಷಯದಲ್ಲಿ ಅದು ನಮ್ಮ ದೇಶದಲ್ಲಿ ೧೯೮೮ರಲ್ಲಿ ಏರ್ಪಟ್ಟ ಇಸ್ಕಿ ಎಂಬ ಸಂಕೇತಕ್ರಮವನ್ನು ಅನುಸರಿಸಿತು. ಅದರಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ೧೨೮ ಸ್ಥಾನಗಳು ಮೀಸಲಾಗಿವೆ. ಯಂತ್ರಗಳು ಈ ಸಂಖ್ಯೆಗಳನ್ನು ಸಾಮಾನ್ಯವಾಗಿ ಹದಿನಾರರ ಮಾನದಲ್ಲಿ ತೋರಿಸುತ್ತವೆ. ಓದುವವರ ಸೌಕರ್ಯಕ್ಕಾಗಿ ಇಲ್ಲಿ ಎಲ್ಲವನ್ನೂ ದಶಮಾನಕ್ಕೆ ತಿರುಗಿಸಿ ಕೊಟ್ಟಿದೆ.

‘ಕನ್ನಡ’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ನಮಗೆ ಇದರಲ್ಲಿ ಅಕ್ಷರಗಳು ಮೂರು. ಯಂತ್ರದಲ್ಲಿ ಸಂಕೇತಗಳು ಐದು: ಕಕಾರಕ್ಕೆ ೩೨೨೧, ನಕಾರಕ್ಕೆ ೩೨೪೦, ಸ್ವರಲೋಪವನ್ನು ಸೂಚಿಸುವ ಚಿಹ್ನೆಗೆ ೩೨೭೭, ಮತ್ತೆ ನಕಾರಕ್ಕೆ ೩೨೪೦, ಡಕಾರಕ್ಕೆ ೩೨೩೩. ಇವನ್ನು ಶೇಖರಿಸಿಡುವ ಯುಟಿಎಫ್-೮ ಎಂಬ ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕಾಗುವುದರಿಂದ, ಬೈಟುಗಳ ಲೆಕ್ಕ ಹದಿನೈದಾಗುತ್ತದೆ. ಮೂರು, ಐದು, ಹದಿನೈದು—ಒಂದೇ ಶಬ್ದಕ್ಕೆ ಮೂರು ಬಗೆಯ ಎಣಿಕೆ. ‘ಈ ಪದ್ಯದಲ್ಲಿ ಇಷ್ಟು ಅಕ್ಷರಗಳಿವೆ’ ಎಂದು ಯಂತ್ರವು ಹೇಳಿದಾಗ, ಅದು ಯಾವ ಎಣಿಕೆಯೆಂದು ಕೇಳದೆ ಒಪ್ಪಿಕೊಳ್ಳುವವನು ಆರಂಭದಲ್ಲಿಯೇ ದಾರಿತಪ್ಪಿದಂತೆ.

ಈ ಸಾಲನ್ನು ಬಿಡಿಸಿ ತೋರುವ ಸಾಧನಗಳು ಅನೇಕವಾಗಿವೆ. ವರ್ಡ್ ಎಂಬ ಪ್ರಸಿದ್ಧವಾದ ಬರೆವಣಿಗೆಯ ತಂತ್ರಾಂಶದಲ್ಲಿ ಒಂದು ಅಕ್ಷರದ ಮುಂದೆ ನಿಂತು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರವಿದ್ದ ಎಡೆಯಲ್ಲಿ ಅದರ ಸಂಖ್ಯೆ ಕಾಣುತ್ತದೆ. ಮತ್ತೆ ಒತ್ತಿದರೆ ಅಕ್ಷರವು ಹಿಂದಿರುಗುತ್ತದೆ. ವಿಮ್ ಎಂಬ ಪಠ್ಯಶೋಧಕದಲ್ಲಿ ಜಿ, ಎ ಎಂಬೆರಡು ಕೀಲಿಗಳಿಂದ ಇದೇ ಕೆಲಸ ನಡೆಯುತ್ತದೆ. ಈಮ್ಯಾಕ್ಸ್ ಇನ್ನೂ ಮುಂದೆ ಹೋಗಿ, ಸಂಕೇತದ ಹೆಸರು ವರ್ಗಗಳನ್ನಲ್ಲದೆ ಅದನ್ನು ಯಾವ ಅಚ್ಚಿನ ಮೊಳೆಯಿಂದ ತೆರೆಯ ಮೇಲೆ ಮೂಡಿಸಿದೆಯೆಂಬುದನ್ನೂ ತಿಳಿಸುತ್ತದೆ. ಆಂಡ್ರೂ ವೆಸ್ಟ್ ಅವರ ಬೇಬಲ್‌ಮ್ಯಾಪ್, ರಿಚರ್ಡ್ ಇಶಿಡಾ ಅವರ ಯೂನಿವ್ಯೂ ಮೊದಲಾದವು ಯೂನಿಕೋಡಿನ ಪಟ್ಟಿಯನ್ನೇ ನಮ್ಮ ಮುಂದೆ ಹರಡಿ ಒಂದೊಂದರ ಲಕ್ಷಣವನ್ನೂ ವಿವರಿಸತಕ್ಕವು.

ಇವುಗಳಲ್ಲಿ ಗ್ರಂಥಸಂಪಾದಕನ ಕೆಲಸಕ್ಕೆ ವಿಶೇಷವಾಗಿ ಒದಗುವುದು ಭಾಷಾವಿಜ್ಞಾನಿಯಾದ ಬಿಲ್ ಪೋಸರ್ ಅವರು ರಚಿಸಿರುವ ಯೂನಿಯುಟಿಲ್ಸ್ ಎಂಬ ಸಾಧನಗಳ ಗುಚ್ಛವೆಂದು ನನಗೆ ತೋರುತ್ತದೆ. ಇದರಲ್ಲಿ ಯೂನಿನೇಮ್ ಎಂಬುದು ಇಡೀ ಕಡತವನ್ನು ಆದಿಯಿಂದ ಅಂತ್ಯದವರೆಗೆ ಓದಿ, ಒಂದೊಂದು ಸಂಕೇತಕ್ಕೂ ಒಂದೊಂದು ಪಂಕ್ತಿಯಂತೆ, ಅದು ಎಷ್ಟನೆಯ ಸಂಕೇತ, ಎಷ್ಟನೆಯ ಬೈಟು, ಅದರ ಸಂಖ್ಯೆಯೇನು, ಶೇಖರಿಸಿರುವ ರೂಪವೇನು, ಆಕೃತಿಯೇನು, ಹೆಸರೇನು ಎಂಬುದನ್ನು ಪಟ್ಟಿಮಾಡುತ್ತದೆ. ಯೂನಿಡೆಸ್ಕ್ ಎಂಬುದು ಕಡತದಲ್ಲಿ ಯಾವ ಯಾವ ಲಿಪಿಗಳ ಸಂಕೇತಗಳು ಎಲ್ಲೆಲ್ಲಿ ಇವೆಯೆಂಬುದನ್ನು ಹೇಳುತ್ತದೆ. ಯೂನಿಹಿಸ್ಟ್ ಎಂಬುದು ಒಂದೊಂದು ಸಂಕೇತವೂ ಎಷ್ಟು ಸಲ ಬಂದಿದೆಯೆಂದು ಎಣಿಸಿಕೊಡುತ್ತದೆ. ಬಿಡಿಯಾದ ಒಂದು ಅಕ್ಷರವನ್ನು ನೋಡುವುದಕ್ಕೂ ಇಡೀ ಪಠ್ಯದ ಅಕ್ಷರಸಂಪತ್ತನ್ನು ಒಟ್ಟಾಗಿ ನೋಡುವುದಕ್ಕೂ ಇರುವ ಅಂತರ ದೊಡ್ಡದು. ಮೊದಲನೆಯದರಿಂದ ಸಂಶಯ ಪರಿಹಾರವಾಗುತ್ತದೆ. ಸಂಶಯಕ್ಕೆ ಎಡೆಯೆಲ್ಲಿದೆಯೆಂದು ತಿಳಿಯುವುದು ಎರಡನೆಯದರಿಂದ. ಕಣ್ಣಿಗೆ ಸರಿಯಾಗಿಯೇ ಕಾಣುವ ತಪ್ಪನ್ನು ಯಾರೂ ಸಂಶಯಪಡುವುದಿಲ್ಲವಾದಕಾರಣ ಈ ಎರಡನೆಯ ಬಗೆಯೇ ನಮಗೆ ಮುಖ್ಯ.

೩

ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ಬೇರೊಂದು ರೀತಿಯಲ್ಲಿ ಯಂತ್ರಕ್ಕೆ ಊಡುತ್ತಿದ್ದರು. ಆ ಕಾಲದ ಕಡತಗಳು ಇಂದಿಗೂ ಸಾವಿರಗಟ್ಟಲೆ ಉಳಿದಿರುವುದರಿಂದ ಅದರ ಸ್ವರೂಪವನ್ನು ತಿಳಿಯುವುದು ಅಗತ್ಯ. ನುಡಿ ತಂತ್ರಾಂಶದ ಹಳೆಯ ಕ್ರಮದಲ್ಲಿ ‘ಕನ್ನಡ’ ಎಂದು ಬರೆದ ಕಡತವನ್ನು ಪರೀಕ್ಷಾಸಾಧನದ ಮುಂದಿಟ್ಟರೆ ಅಲ್ಲಿ ಕನ್ನಡದ ಸಂಕೇತ ಒಂದೂ ಸಿಕ್ಕುವುದಿಲ್ಲ. ಕ್ರಮವಾಗಿ ಲ್ಯಾಟಿನ್ ಲಿಪಿಯ ದೊಡ್ಡಕ್ಷರ ಪಿ, ಮೇಲೆ ಓರೆಗೆರೆಯುಳ್ಳ ದೊಡ್ಡಕ್ಷರ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಸಕಾರ, ಚಿಕ್ಕಕ್ಷರ ಕ್ಯೂ, ಮತ್ತೊಮ್ಮೆ ಅದೇ ಎ—ಹೀಗೆ ಏಳು ಚಿಹ್ನೆಗಳು ಹೊರಬೀಳುತ್ತವೆ. ಮೂರು ಸಲ ಬಂದಿರುವ ಆ ಎ ಎಂಬುದು ನಮ್ಮ ತಲಕಟ್ಟು. ಪಿ ಎಂಬುದು ತಲಕಟ್ಟಿಲ್ಲದ ಕಕಾರದ ಒಡಲು. ಜೋಡಿ ಸಕಾರವು ನಕಾರದ ಒತ್ತು.

ಇದು ಮುದ್ರಣಾಲಯದ ಮೊಳೆಜೋಡಣೆಯೇ ಹೊರತು ಬೇರೆಯಲ್ಲ. ಅಕ್ಷರಜೋಡಕನು ಒಡಲನ್ನೂ ತಲಕಟ್ಟನ್ನೂ ಒತ್ತನ್ನೂ ಬೇರೆಬೇರೆ ಗೂಡುಗಳಿಂದ ಹೆಕ್ಕಿ ಸಾಲಾಗಿ ನಿಲ್ಲಿಸುತ್ತಿದ್ದಂತೆ ಆ ಕ್ರಮವೂ ಆಕೃತಿಯ ತುಂಡುಗಳನ್ನು ಕಣ್ಣಿಗೆ ಕಾಣುವ ಅನುಕ್ರಮದಲ್ಲಿ ಇಡುತ್ತಿತ್ತು. ಯೂನಿಕೋಡಾದರೋ ಧ್ವನಿಯ ಅನುಕ್ರಮವನ್ನು ಹಿಡಿದಿದೆ. ‘ಧರ್ಮ’ ಎಂಬಲ್ಲಿ ಈ ಭೇದ ಸ್ಪಷ್ಟವಾಗುತ್ತದೆ. ಉಚ್ಚಾರಣೆಯಲ್ಲಿ ರೇಫ ಮೊದಲು, ಮಕಾರ ಆಮೇಲೆ. ಬರೆವಣಿಗೆಯಲ್ಲಿ ಮಕಾರ ಮೊದಲು, ಅರ್ಕಾವೊತ್ತು ಆಮೇಲೆ. ಹಳೆಯ ಕ್ರಮವು ಬರೆವಣಿಗೆಯನ್ನೂ ಹೊಸ ಕ್ರಮವು ಉಚ್ಚಾರಣೆಯನ್ನೂ ಅನುಸರಿಸುವುದರಿಂದ, ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ತಂತ್ರಾಂಶವು ರೇಫವನ್ನು ಹಿಂದಕ್ಕೆ ಸರಿಸಿ ತಕ್ಕ ಎಡೆಯಲ್ಲಿ ಕೂಡಿಸಬೇಕಾಗುತ್ತದೆ. ಒತ್ತು, ಕೊಂಬು, ಅರ್ಕಾವೊತ್ತು ಮೂರೂ ಕೂಡಿದ ಅಕ್ಷರಗಳಲ್ಲಿ ಈ ಸ್ಥಾನಪಲ್ಲಟ ತಪ್ಪುವುದು ಸುಲಭ. ಹೀಗೆ ಪರಿವರ್ತನೆಗೊಂಡ ಪಠ್ಯವು ಮೂಲವನ್ನು ನೇರವಾಗಿ ನೋಡಿ ಬರೆದ ಪ್ರತಿಯಲ್ಲ, ಪ್ರತಿಯ ಪ್ರತಿ. ಲಿಪ್ಯಂತರದಲ್ಲಿ ಹುಟ್ಟುವ ಸ್ಖಾಲಿತ್ಯಗಳನ್ನು ಗುರುತಿಸುವ ನಮ್ಮ ಹಳೆಯ ವಿವೇಕ ಇಲ್ಲಿಯೂ ಬೇಕಾಗುತ್ತದೆ.

೪

ಇನ್ನು ಯೂನಿಕೋಡಿನಲ್ಲಿಯೇ ನೇರವಾಗಿ ಬರೆದ ಪಠ್ಯಗಳ ವಿಚಾರ. ಇವುಗಳಲ್ಲಿ ಕಣ್ಣಿಗೆ ಒಂದಾಗಿ ಕಂಡು ಒಳಗೆ ಬೇರೆಯಾಗಿರುವ ಸಂದರ್ಭಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿಕೊಳ್ಳದಿದ್ದರೆ ಪರೀಕ್ಷಾಸಾಧನವು ನಮ್ಮ ಗೊಂದಲವನ್ನು ಹೆಚ್ಚಿಸುವುದೇ ಹೊರತು ಕಡಮೆಮಾಡದು. ಒಂದು, ಕೇವಲ ತಪ್ಪುಗಳು, ಎರಡು, ಅರ್ಥಭೇದವಿಲ್ಲದ ಸಮಾನರೂಪಗಳು, ಮೂರು, ಲೇಖನಭೇದಗಳು. ಮೊದಲನೆಯವನ್ನು ತಿದ್ದಬೇಕು, ಎರಡನೆಯವನ್ನು ಏಕರೂಪಕ್ಕೆ ತರಬೇಕು, ಮೂರನೆಯವನ್ನು ಉಳಿಸಬೇಕು.

ಮೊದಲ ವರ್ಗಕ್ಕೆ ನಿದರ್ಶನ: ಅನುಸ್ವಾರದ ಸಂಖ್ಯೆ ೩೨೦೨, ಸೊನ್ನೆಯೆಂಬ ಅಂಕಿಯ ಸಂಖ್ಯೆ ೩೩೦೨. ಆಕೃತಿ ಎರಡಕ್ಕೂ ಹೆಚ್ಚುಕಡಮೆ ಒಂದೇ. ‘ಗಂಗೆ’ ಎಂದು ಬರೆಯುವಲ್ಲಿ ಬೆರಳಚ್ಚುಗಾರನು ಅಂಕಿಯನ್ನು ಒತ್ತಿ ‘ಗ೦ಗೆ’ ಎಂದು ಬರೆದರೆ ಓದುಗನಿಗೆ ತಿಳಿಯುವುದಿಲ್ಲ. ಹಾಗೆಯೇ ಒಂಬತ್ತರ ಅಂಕಿಯನ್ನು, ಎಂದರೆ ೩೩೧೧ನ್ನು, ಅರ್ಕಾವೊತ್ತಿಗೆ ಬದಲಾಗಿ ಇಟ್ಟು ‘ಧಮ೯’ ಎಂದು ಬರೆಯುವುದೂ, ವಿಸರ್ಗದ ೩೨೦೩ಕ್ಕೆ ಬದಲಾಗಿ ೫೮ ಎಂಬ ಸಂಖ್ಯೆಯ ವಿವರಣಚಿಹ್ನೆಯನ್ನು ಇಟ್ಟು ‘ದು:ಖ’ ಎಂದು ಬರೆಯುವುದೂ ಉಂಟು. ಇವನ್ನು ಬೆರಳಚ್ಚಿನ ಸಣ್ಣ ತಪ್ಪುಗಳೆಂದು ಕಡೆಗಣಿಸಬಹುದೇ? ಛಂದಸ್ಸನ್ನು ಎಣಿಸಿ ನೋಡಿದರೆ ಉತ್ತರ ದೊರೆಯುತ್ತದೆ. ‘ಗಂಗೆ’ ಎಂಬಲ್ಲಿ ಅನುಸ್ವಾರದ ಬಲದಿಂದ ಮೊದಲಕ್ಷರ ಗುರು. ಒಟ್ಟು ಮೂರು ಮಾತ್ರೆ. ಅನುಸ್ವಾರದ ಎಡೆಯಲ್ಲಿ ಅಂಕಿಯಿದ್ದರೆ ಯಂತ್ರವು ಎರಡು ಲಘುಗಳನ್ನು ಮಾತ್ರ ಎಣಿಸುತ್ತದೆ. ‘ಧರ್ಮ’, ‘ದುಃಖ’ಗಳಿಗೂ ಇದೇ ಗತಿ: ಮೂರಾಗಬೇಕಾದುದು ಎರಡಾಗುತ್ತದೆ. ಇಂಥ ಪಠ್ಯದ ಮೇಲೆ ಎಣಿಕೆ ನಡೆಯಿಸಿ, ‘ಕವಿಯು ಇಲ್ಲಿ ಛಂದಸ್ಸನ್ನು ಸಡಿಲಿಸಿದ್ದಾನೆ’ ಎಂದು ಯಾರಾದರೂ ತೀರ್ಮಾನಿಸಿದರೆ ಬೆರಳಚ್ಚುಗಾರನ ದೋಷವನ್ನು ಕವಿಯ ಮೇಲೆ ಹೊರಿಸಿದಂತಾಗುವುದಿಲ್ಲವೆ? ಯೂನಿಹಿಸ್ಟಿನ ಎಣಿಕೆಯಲ್ಲಿ ಈ ತಪ್ಪು ಕ್ಷಣದಲ್ಲಿ ಬಯಲಾಗುತ್ತದೆ. ಪದ್ಯಸಂಖ್ಯೆಗಳಿಗೆ ಬೇಕಾಗುವುದಕ್ಕಿಂತ ಸೊನ್ನೆಯ ಅಂಕಿಗಳೂ ಒಂಬತ್ತರ ಅಂಕಿಗಳೂ ಮಿತಿಮೀರಿ ಕಂಡುಬಂದರೆ ಅವು ಅಂಕಿಗಳಾಗಿ ಬಂದವಲ್ಲವೆಂದು ತಿಳಿಯಬೇಕು.

ಎರಡನೆಯ ವರ್ಗ: ‘ಕೊ’ ಎಂಬಲ್ಲಿರುವ ಒಕಾರದ ಚಿಹ್ನೆಯನ್ನು ೩೨೭೪ ಎಂಬ ಒಂದೇ ಸಂಕೇತದಿಂದ ಬರೆಯಬಹುದು, ಎಕಾರದ ಚಿಹ್ನೆಯಾದ ೩೨೭೦, ಊಕಾರದ ಚಿಹ್ನೆಯಾದ ೩೨೬೬ ಇವೆರಡನ್ನು ಕೂಡಿಸಿಯೂ ಬರೆಯಬಹುದು. ಈಕಾರದ ಚಿಹ್ನೆಯೂ ಹಾಗೆಯೇ: ೩೨೬೪ ಒಂದೇ ಆಗಬಹುದು, ಅಥವಾ ಗುಡಿಸಿನ ೩೨೬೩ರ ಮುಂದೆ ದೀರ್ಘದ ೩೨೮೫ ಇರಬಹುದು. ಇವು ಪರಸ್ಪರ ಸಮಾನವೆಂದು ಯೂನಿಕೋಡೇ ವಿಧಿಸಿದೆ. ಒಂದು ರೂಪವನ್ನು ಇನ್ನೊಂದಕ್ಕೆ ತಿರುಗಿಸುವ ನಿಯತವಾದ ಕ್ರಮವೂ ಇದೆ. ಇಲ್ಲಿ ವಿವಾದಕ್ಕೆ ಎಡೆಯಿಲ್ಲ. ಪಠ್ಯವನ್ನು ಕೋಶಕ್ಕೆ ಸೇರಿಸುವ ಮೊದಲು ಏಕರೂಪಕ್ಕೆ ತಂದರೆ ಸಾಕು. ಆದರೆ ಈ ಏಕರೂಪೀಕರಣವು ಮೊದಲ ವರ್ಗದ ತಪ್ಪುಗಳನ್ನು ಮುಟ್ಟುವುದಿಲ್ಲವೆಂಬುದನ್ನು ನೆನಪಿಡತಕ್ಕದ್ದು. ಅಂಕಿಯು ಅಂಕಿಯಾಗಿಯೇ ಉಳಿಯುತ್ತದೆ.

ಮೂರನೆಯ ವರ್ಗವು ಎಲ್ಲಕ್ಕಿಂತ ಸೂಕ್ಷ್ಮವಾದುದು. ರೇಫವು ವ್ಯಂಜನದ ಹಿಂದೆ ಬಂದಾಗ ಕನ್ನಡದಲ್ಲಿ ಬರೆವಣಿಗೆಯ ಕ್ರಮಗಳು ಎರಡು: ಅರ್ಕಾವೊತ್ತನ್ನು ಹಾಕಿ ‘ಸೂರ್ಯ’ ಎಂಬುದೊಂದು, ರಕಾರವನ್ನು ಪೂರ್ಣವಾಗಿ ಬರೆದು ಕೆಳಗೆ ಒತ್ತನ್ನು ಕೊಟ್ಟು ‘ಸೂರ‍್ಯ’ ಎಂಬುದು ಇನ್ನೊಂದು. ಎರಡನೆಯದನ್ನು ಮೂಡಿಸಲು ರಕಾರದ ಮುಂದೆ ೮೨೦೫ ಎಂಬ ಸಂಖ್ಯೆಯ, ಆಕೃತಿಯೇ ಇಲ್ಲದ ಒಂದು ಸಂಯೋಜಕಸಂಕೇತವನ್ನು ಇಡಬೇಕು. ಇದಕ್ಕೆ ಜೊತೆಯಾಗಿ ೮೨೦೪ ಎಂಬ ವಿಯೋಜಕಸಂಕೇತವೂ ಇದೆ. ‘ರಾಜ್ಕುಮಾರ್’ ಎಂದು ಒತ್ತಾಗುವುದನ್ನು ತಡೆದು ‘ರಾಜ್‌ಕುಮಾರ್’ ಎಂದು ಬಿಡಿಸಿ ತೋರುವುದು ಅದರ ಕೆಲಸ. ಇವೆರಡೂ ಕಣ್ಣಿಗೆ ಕಾಣುವುದಿಲ್ಲ; ಇವುಗಳ ಕಾರ್ಯ ಮಾತ್ರ ಕಾಣುತ್ತದೆ. ಕೆಲವು ವೇಳೆ ಕಾರ್ಯವೂ ಇಲ್ಲದೆ, ಬೆರಳು ತಪ್ಪಿ ಬಿದ್ದು, ಶಬ್ದದ ಕೊನೆಯಲ್ಲಿ ಸುಮ್ಮನೆ ಅಡಗಿರುವುದೂ ಉಂಟು. ಅಡಗಿರುವ ಇಂಥ ಸಂಕೇತವನ್ನು ಹೊರಗೆಡಹುವುದಕ್ಕೆ ಪರೀಕ್ಷಾಸಾಧನದ ಹೊರತು ಅನ್ಯಮಾರ್ಗವಿಲ್ಲ.

ಈಗ ‘ಸೂರ್ಯ’ ಎಂದು ಹುಡುಕಿದವನಿಗೆ ‘ಸೂರ‍್ಯ’ ಸಿಕ್ಕದೆ ಹೋಗಬಹುದು. ಅದಕ್ಕಾಗಿ ೮೨೦೫ನ್ನು ಎಲ್ಲೆಡೆಯೂ ತೆಗೆದುಹಾಕಿ ಪಠ್ಯವನ್ನು ‘ಶುದ್ಧ’ಮಾಡುವವರಿದ್ದಾರೆ. ಹುಡುಕುವ ಸೂಚಿಗೆ ಇದು ತಕ್ಕ ಉಪಾಯ, ಸಂಪಾದಿತ ಪಠ್ಯಕ್ಕಲ್ಲ. ಆಧಾರಪ್ರತಿಯಲ್ಲಿ ರೇಫವನ್ನು ಹೇಗೆ ಬರೆದಿತ್ತೆಂಬುದು ಲಿಪಿಯ ಚರಿತ್ರೆಗೆ ಒಂದು ಸಾಕ್ಷ್ಯ. ಅದನ್ನು ಅಳಿಸಿದಮೇಲೆ ಮರಳಿ ಪಡೆಯುವುದು ಅಸಾಧ್ಯ. ಹುಡುಕುವಿಕೆಯ ಸೌಕರ್ಯಕ್ಕಾಗಿ ಸಾಕ್ಷ್ಯವನ್ನು ನಾಶಮಾಡುವುದು ಸಂಪಾದಕಧರ್ಮವಲ್ಲ.

೫

ಹಳಗನ್ನಡದ ಅಭ್ಯಾಸಿಗೆ ಎಲ್ಲಕ್ಕಿಂತ ಹೆಚ್ಚಾಗಿ ತಟ್ಟುವ ವಿಷಯ ಱ, ೞ ಎಂಬೆರಡು ವರ್ಣಗಳದು. ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಜೀವಿಸು; ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಈ ಭೇದವನ್ನು ಕಳೆದ ಪಠ್ಯದಲ್ಲಿ ಅರ್ಥವೂ ಪ್ರಾಸವೂ ಒಟ್ಟಿಗೆ ಕೆಡುತ್ತವೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ರೞ ಕುಳ ಕ್ಷಳಗಳ ಭೇದವನ್ನು ಎತ್ತಿ ಹೇಳಿ, ರೞವಿರುವ ಶಬ್ದಗಳನ್ನು ಪಟ್ಟಿಮಾಡಿಕೊಟ್ಟದ್ದು ಬಳಕೆಯಲ್ಲಿ ಅದು ಅಳಿಯುತ್ತ ಬಂದಿದ್ದುದರಿಂದಲೇ ಎಂಬುದು ವಿದ್ವಾಂಸರಿಗೆ ವಿದಿತವಾಗಿದೆ.

ಪಂಪನ ಕಾವ್ಯದ ಒಂದು ಗಣಕಪಠ್ಯವು ನಮಗೆ ದೊರೆಯಿತೆಂದು ಇಟ್ಟುಕೊಳ್ಳೋಣ. ಅದನ್ನು ಓದುವುದಕ್ಕೆ ಮೊದಲು ಸಂಕೇತಗಳ ಎಣಿಕೆಯನ್ನು ತೆಗೆಯಿಸಿದರೆ, ೩೨೯೪, ಎಂದರೆ ೞ, ಎಷ್ಟು ಸಲ ಬಂದಿದೆ, ೩೨೪೯, ಎಂದರೆ ಱ, ಎಷ್ಟು ಸಲ ಬಂದಿದೆ ಎಂಬುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಎರಡೂ ಒಂದು ಸಲವಾದರೂ ಬಂದಿಲ್ಲವಾದರೆ ಅದು ಹತ್ತನೆಯ ಶತಮಾನದ ಕವಿಯ ಪಾಠವಲ್ಲ. ಈಚಿನವರು ಸುಲಭಗೊಳಿಸಿ ಬರೆದ ಪಾಠ. ಅಂಥದರಿಂದ ಭಾಷಾಚರಿತ್ರೆಯ ಯಾವ ತೀರ್ಮಾನವನ್ನೂ ಎಳೆಯಲಾಗದು. ಕೆಲವು ಆಶ್ವಾಸಗಳಲ್ಲಿ ಬಂದು ಕೆಲವುಗಳಲ್ಲಿ ಬರದೆ ಹೋಗಿದ್ದರೆ ಬೆರಳಚ್ಚುಮಾಡಿದ ಕೈಗಳು ಒಂದಕ್ಕಿಂತ ಹೆಚ್ಚೆಂದು ಊಹಿಸಬಹುದು. ಓಲೆಯ ಪ್ರತಿಯಲ್ಲಿ ಬರೆವಣಿಗೆ ಬದಲಾದ ಗರಿಯನ್ನು ಗುರುತಿಸುವುದೂ ಇದೂ ಒಂದೇ ಜಾತಿಯ ಪರೀಕ್ಷೆ.

ಇಷ್ಟೇ ಅಲ್ಲ; ಗಣಕಪಠ್ಯದ ಕಾಲವನ್ನು ನಿರ್ಣಯಿಸುವುದಕ್ಕೂ ಸಂಕೇತಗಳು ಆಧಾರವಾಗುತ್ತವೆ. ಕನ್ನಡದ ಸ್ಥಾನಗಳೆಲ್ಲ ೧೯೯೧ರಲ್ಲಿಯೇ ತುಂಬಲಿಲ್ಲ. ಅವಗ್ರಹದ ಚಿಹ್ನೆಗೆ ಎಡೆ ದೊರೆತುದು ೨೦೦೩ರಲ್ಲಿ. ಜಿಹ್ವಾಮೂಲೀಯ ಉಪಧ್ಮಾನೀಯಗಳು ಬಂದುವು ೨೦೦೬ರಲ್ಲಿ. ಪದಾಂತದ ಸ್ವರರಹಿತ ನಕಾರಕ್ಕೆ ಹಿಂದಿನವರು ಬಳಸುತ್ತಿದ್ದ ನಕಾರಪೊಲ್ಲಿಗೆ, ಎಂದರೆ ೩೨೯೩ಕ್ಕೆ, ೨೦೨೧ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಸ್ಥಾನ ಸಿಕ್ಕಿತು. ನಕಾರಪೊಲ್ಲು ಇರುವ ಪಠ್ಯವು ಈಗಿರುವ ರೂಪದಲ್ಲಿ ೨೦೨೧ಕ್ಕಿಂತ ಹಿಂದಿನದಾಗಿರಲಾರದು. ಅದಿಲ್ಲದ ಪಠ್ಯದ ವಿಷಯದಲ್ಲಿ, ಆಧಾರಪ್ರತಿಯಲ್ಲಿಯೇ ಇರಲಿಲ್ಲವೋ, ಇದ್ದರೂ ಬರೆಯಲು ಸಂಕೇತವಿರಲಿಲ್ಲವೋ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಶಾಸನದ ಕಾಲವನ್ನು ಅಕ್ಷರದ ಆಕಾರದಿಂದ ಊಹಿಸುವ ನಾವು ಈ ಹೊಸ ಲಿಪಿಶಾಸ್ತ್ರವನ್ನು ಕಲಿಯದಿರುವುದಕ್ಕೆ ಕಾರಣವಿಲ್ಲ.

೬

ಸಾಧನಗಳ ಗುಣವನ್ನು ಹೇಳಿದಂತೆ ದೋಷಗಳನ್ನೂ ಹೇಳುವುದು ವಿಮರ್ಶಕನಿಗೆ ಕರ್ತವ್ಯ. ನನಗೆ ತೋರಿದ ಮುಖ್ಯವಾದ ಕೊರತೆಗಳು ಮೂರು.

ಮೊದಲನೆಯದು ಹೆಸರಿನದು. ಯೂನಿನೇಮಾಗಲಿ ಬೇರೆ ಸಾಧನಗಳಾಗಲಿ ಸಂಕೇತದ ಹೆಸರನ್ನು ಯೂನಿಕೋಡಿನ ಪಟ್ಟಿಯಿಂದ ಎತ್ತಿಕೊಡತಕ್ಕವು. ಆ ಪಟ್ಟಿಯಲ್ಲಿ ನಮ್ಮ ೞ ವರ್ಣಕ್ಕೆ ‘ಕನ್ನಡ ಲೆಟರ್ ಫ’ ಎಂಬ ಹೆಸರು ಬಿದ್ದಿದೆ. ರೞಕ್ಕೂ ಫಕಾರಕ್ಕೂ ಯಾವ ಸಂಬಂಧವೂ ಇಲ್ಲ. ಇದು ನಿಚ್ಚಳವಾದ ತಪ್ಪು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬ ನಿಯಮವನ್ನು ಯೂನಿಕೋಡ್ ಸಂಸ್ಥೆಯು ಹಾಕಿಕೊಂಡಿರುವುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಮೂರು ಲಕಾರಗಳನ್ನು ಕೂಡಿಸಿ ಬರೆಯುವ ಸರಿಯಾದ ಹೆಸರನ್ನು ಬೇರೊಂದು ತಿದ್ದುಪಡಿಯ ಪಟ್ಟಿಯಲ್ಲಿ ಕೊಡಲಾಗಿದೆ. ಪೈಥಾನ್ ಭಾಷೆಯ ಗ್ರಂಥಭಂಡಾರವನ್ನು ೞ ವರ್ಣದ ಹೆಸರೇನೆಂದು ಕೇಳಿದರೆ ಅದು ಇಂದಿಗೂ ‘ಫ’ ಎಂದೇ ಉತ್ತರಕೊಡುತ್ತದೆ. ಹಳಗನ್ನಡವನ್ನು ಆಗತಾನೇ ಕಲಿಯುತ್ತಿರುವ ವಿದ್ಯಾರ್ಥಿಯು ಈ ಉತ್ತರವನ್ನು ನೋಡಿ, ತನ್ನ ಪಠ್ಯದಲ್ಲಿ ಏನೋ ತಪ್ಪಿದೆಯೆಂದು ಬಗೆದು ಸರಿಯಾಗಿದ್ದ ರೞವನ್ನು ಕುಳವಾಗಿ ತಿದ್ದಿಬಿಡುವ ಸಂಭವವಿದೆ. ಹೆಸರು ಸಾಕ್ಷಿಯಲ್ಲ, ಸಂಖ್ಯೆಯೇ ಸಾಕ್ಷಿ.

ಎರಡನೆಯದು ಕಾಲದ್ದು. ಸಾಧನದೊಳಗಿರುವ ಪಟ್ಟಿ ಯಾವ ಆವೃತ್ತಿಯದೋ ಆ ಆವೃತ್ತಿಯವರೆಗಿನ ಸಂಕೇತಗಳನ್ನು ಮಾತ್ರ ಅದು ಬಲ್ಲದು. ಪೈಥಾನ್ ೩.೧೦ರಲ್ಲಿರುವುದು ಯೂನಿಕೋಡಿನ ಹದಿಮೂರನೆಯ ಆವೃತ್ತಿ; ೩.೧೧ರಲ್ಲಿರುವುದು ಹದಿನಾಲ್ಕನೆಯದು. ಆದಕಾರಣ ಮೊದಲನೆಯದು ನಕಾರಪೊಲ್ಲನ್ನು ಹೆಸರಿಲ್ಲದ ಸಂಕೇತವೆನ್ನುತ್ತದೆ. ಎರಡನೆಯದು ಅದನ್ನು ಗುರುತಿಸುತ್ತದೆ. ಪರೀಕ್ಷಕನಿಗೆ ತಿಳಿಯದುದೆಲ್ಲ ಪಠ್ಯದ ದೋಷವಲ್ಲ.

ಮೂರನೆಯದು ಎಲ್ಲಕ್ಕಿಂತ ಗಾಢವಾದುದು. ಈ ಸಾಧನಗಳು ಸಂಕೇತವನ್ನು ಕಾಣುತ್ತವೆ, ಅಕ್ಷರವನ್ನು ಕಾಣುವುದಿಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದು ಅಕ್ಷರ. ಛಂದಸ್ಸಿನಲ್ಲಿ ಒಂದು ಗುರು. ಯೂನಿನೇಮಿಗೆ ಅದು ಸಕಾರ, ಸ್ವರಲೋಪಚಿಹ್ನೆ, ತಕಾರ, ಸ್ವರಲೋಪಚಿಹ್ನೆ, ರಕಾರ, ಈಕಾರದ ಚಿಹ್ನೆ—ಹೀಗೆ ಆರು ಪಂಕ್ತಿ. ಸಂಕೇತಗಳನ್ನು ಓದುಗನು ಗ್ರಹಿಸುವ ಅಕ್ಷರಗಳಾಗಿ ಗುಂಪುಗೂಡಿಸುವುದಕ್ಕೆ ಯೂನಿಕೋಡಿನಲ್ಲಿಯೇ ನಿಯಮಗಳಿವೆ. ಆ ನಿಯಮಗಳನ್ನು ೨೦೨೩ರ ೧೫.೧ನೆಯ ಆವೃತ್ತಿಯಲ್ಲಿ ತಿದ್ದಿ, ದೇವನಾಗರಿ ಬಂಗಾಳಿ ಗುಜರಾತಿ ಒರಿಯ ತೆಲುಗು ಮಲಯಾಳಗಳ ಸಂಯುಕ್ತಾಕ್ಷರಗಳನ್ನು ಒಡೆಯದೆ ಒಂದೇ ಗುಂಪಾಗಿ ಹಿಡಿಯುವಂತೆ ಮಾಡಿದರು. ಆ ಪಟ್ಟಿಯಲ್ಲಿ ಕನ್ನಡ ಸೇರಲಿಲ್ಲ. ಸೋದರಲಿಪಿಯಾದ ತೆಲುಗಿನಲ್ಲಿ ಒಂದಾಗಿ ಎಣಿಸಲ್ಪಡುವ ‘ಸ್ತ್ರೀ’ ಆ ಆವೃತ್ತಿಯ ಪ್ರಕಾರ ಕನ್ನಡದಲ್ಲಿ ಮೂರು ತುಂಡುಗಳಾಗುತ್ತದೆ. ಆ ನಿಯಮವನ್ನೇ ನಂಬಿ ಕನ್ನಡದ ಪದ್ಯಗಳ ಅಕ್ಷರಸಂಖ್ಯೆಯನ್ನು ತೆಗೆದರೆ ವೃತ್ತಗಳ ಲೆಕ್ಕ ಕೂಡಿಬರದು. ನಮ್ಮ ಲಿಪಿಯ ಅಕ್ಷರವೆಂದರೇನೆಂಬುದನ್ನು ನಿರೂಪಿಸಿ ಹೇಳುವ ಹೊಣೆ ನಮ್ಮ ವಿದ್ವಾಂಸರದೇ. ನಾವು ಹೇಳದಿದ್ದಲ್ಲಿ ಬೇರೆ ಯಾರೂ ಹೇಳುವುದಿಲ್ಲ.

ಈ ಮೂರು ಕೊರತೆಗಳಿಂದ ಒಂದು ಮಾತು ಸಿದ್ಧವಾಗುತ್ತದೆ. ಪರೀಕ್ಷಾಸಾಧನವು ಸಾಕ್ಷ್ಯವನ್ನು ತಂದು ಮುಂದಿಡುತ್ತದೆ, ತೀರ್ಪನ್ನು ಕೊಡುವುದಿಲ್ಲ. ‘ಕ೦ನಡ’ ಎಂದು ಅಂಕಿಯನ್ನಿಟ್ಟು ಬರೆದುದನ್ನು ಅದು ತೋರಿಸಿಕೊಡಬಲ್ಲದು. ಅಂಕಿಯನ್ನು ತೆಗೆದು ಅನುಸ್ವಾರವನ್ನು ಇಟ್ಟಮೇಲೆ ದೊರೆಯುವ ‘ಕಂನಡ’ ಎಂಬ ರೂಪ ಲಿಪಿಕಾರನ ಸಂಪ್ರದಾಯವೇ, ಉಳಿಸತಕ್ಕದ್ದೇ, ‘ಕನ್ನಡ’ವೆಂದು ತಿದ್ದತಕ್ಕದ್ದೇ—ಇದನ್ನು ನಿರ್ಣಯಿಸತಕ್ಕವನು ಸಂಪಾದಕನು. ಮೊದಲನೆಯದು ಯಂತ್ರದ ತಪ್ಪು, ಎರಡನೆಯದು ಪ್ರತಿಯ ಲಕ್ಷಣ. ಈ ಭೇದವನ್ನು ಯಾವ ಸಂಖ್ಯೆಯೂ ಹೇಳದು.

೭

ಇಷ್ಟನ್ನು ಹೇಳಿದ ಮೇಲೆ ಕೆಲವು ಸೂಚನೆಗಳನ್ನು ವಿದ್ವಾಂಸರ ಮುಂದೆ ಇಡುತ್ತೇನೆ. ಗಣಕಪಠ್ಯವಾಗಿ ಪ್ರಕಟವಾಗುವ ಒಂದೊಂದು ಪ್ರಾಚೀನಗ್ರಂಥಕ್ಕೂ ಪ್ರತಿವರ್ಣನೆಯ ಜೊತೆಗೆ ಒಂದು ಸಂಕೇತವರ್ಣನೆ ಇರತಕ್ಕದ್ದು. ಪಠ್ಯವನ್ನು ನೇರವಾಗಿ ಬರೆದುದೋ ಹಳೆಯ ಕ್ರಮದಿಂದ ಪರಿವರ್ತಿಸಿದುದೋ, ಯೂನಿಕೋಡಿನ ಯಾವ ಆವೃತ್ತಿಯನ್ನು ಅನುಸರಿಸಿದೆ, ರೇಫವನ್ನು ಹೇಗೆ ಬರೆದಿದೆ, ಱ ೞ ಗಳ ನಕಾರಪೊಲ್ಲಿನ ಅವಗ್ರಹದ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನು ಅಲ್ಲಿ ಹೇಳಬೇಕು. ಎಲ್ಲ ಸಂಕೇತಗಳ ಎಣಿಕೆಯನ್ನೂ ಕೊನೆಯಲ್ಲಿ ಕೊಡಬೇಕು. ಅರ್ಧಪುಟಕ್ಕೆ ಮೀರದ ಈ ವರ್ಣನೆಯಿಂದ ಮುಂದಿನ ಸಂಶೋಧಕನ ತಿಂಗಳುಗಟ್ಟಲೆ ಶ್ರಮ ಉಳಿಯುತ್ತದೆ. ಹುಡುಕುವುದಕ್ಕಾಗಿ ಏಕರೂಪಗೊಳಿಸಿದ ಪಾಠವನ್ನೂ ಸಂಪಾದಿತ ಪಾಠವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಒಂದರ ಮೇಲೊಂದನ್ನು ಬರೆಯಬಾರದು. ಸ್ನಾತಕೋತ್ತರ ತರಗತಿಗಳಲ್ಲಿ ಗ್ರಂಥಸಂಪಾದನಶಾಸ್ತ್ರವನ್ನು ಬೋಧಿಸುವ ಅಧ್ಯಾಪಕರು ಓಲೆಯ ಪ್ರತಿಯೊಂದನ್ನು ವಿದ್ಯಾರ್ಥಿಗಳಿಗೆ ತೋರಿಸುವಂತೆ, ಒಂದು ಪದ್ಯದ ಸಂಕೇತಸಾಲನ್ನೂ ಬಿಡಿಸಿ ತೋರಿಸುವುದು ಒಳ್ಳೆಯದು. ಒಂದು ಗಂಟೆಯ ಅವಧಿ ಅದಕ್ಕೆ ಸಾಕು.

ಇದರಲ್ಲಿ ಅಡಗಿರುವ ಹಾನಿಲಾಭಗಳು ಸಣ್ಣವಲ್ಲ. ‘ಈ ಶಬ್ದವು ಈ ಕವಿಯಲ್ಲಿ ಎಲ್ಲಿಯೂ ಇಲ್ಲ’ ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಆಡತೊಡಗಿದ್ದೇವೆ. ಒಂದು ಕಾಲದಲ್ಲಿ ಹೀಗೆ ಹೇಳಬೇಕಾದರೆ ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಹಲವು ಸಲ ಓದಬೇಕಾಗಿತ್ತು. ಆ ಓದಿನಲ್ಲಿ ಕಣ್ಣು ಸೊನ್ನೆಯನ್ನೂ ಅನುಸ್ವಾರವನ್ನೂ ಒಂದೇ ಎಂದು ತಿಳಿದು ತಾನೇ ತಿದ್ದಿಕೊಳ್ಳುತ್ತಿತ್ತು. ಈಗ ಆ ಮಾತನ್ನು ಯಂತ್ರದಿಂದ ಹೇಳಿಸುತ್ತೇವೆ. ಯಂತ್ರಕ್ಕೆ ಆ ಔದಾರ್ಯವಿಲ್ಲ. ಒಂದು ಅಂಕಿ ಸ್ಥಾನತಪ್ಪಿ ಕುಳಿತಿದ್ದರೆ ಕವಿಯು ಬಳಸಿದ ಮಾತನ್ನೇ ಅವನು ಬಳಸಲಿಲ್ಲವೆಂದು ಅದು ಹೇಳುತ್ತದೆ. ನಾವು ಅದನ್ನು ಕೋಶದಲ್ಲಿ ಬರೆದಿಡುತ್ತೇವೆ. ಮುಂದಿನವರು ಅದನ್ನು ಪ್ರಮಾಣವೆಂದು ಎತ್ತಿಕೊಳ್ಳುತ್ತಾರೆ. ‘ಇಲ್ಲ’ ಎಂದು ಹೇಳುವ ಮೊದಲು ಅಕ್ಷರವನ್ನು ಬಿಡಿಸಿ ನೋಡುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು.